ಮಾಟಗಾತಿಯ ಸುಟ್ಟ ಕೈ

ಕಳೆದ ಭಾನುವಾರ ಮಗಳ ಜೊತೆ ಕೂತು ‘ದಿ ವಿಝಾರ್ಡ್ ಆಫ್ ಓಝ್’ ನೋಡಿದೆ. 1939ರ ಹಾಲಿವುಡ್ ಸಿನಿಮಾ. ಹಸಿರು ಮುಖದ ಮಾಟಗಾತಿ ಬೆಂಕಿ, ಹೊಗೆಯ ನಡುವೆ ಮಾಯವಾಗುತ್ತಿದ್ದಂತೆ ಅವಳು ನನ್ನ ಮಡಿಲಲ್ಲಿ ಮುಖ ಮುಚ್ಚಿಕೊಂಡಳು. ‘ಅದೆಲ್ಲ ಸುಳ್ಳು ಪುಟ್ಟಿ, ಬರೀ ಸಿನಿಮಾ’ ಅಂದೆ. ಆಮೇಲೆ ಅದರ ಬಗ್ಗೆ ಓದಿದಾಗ ಗೊತ್ತಾಯ್ತು, ಆ ಬೆಂಕಿ ಸುಳ್ಳಾಗಿರಲಿಲ್ಲ.

ಮಾಟಗಾತಿಯಾಗಿದ್ದವರು ಮಾರ್ಗರೆಟ್ ಹ್ಯಾಮಿಲ್ಟನ್. ನೆಲದಲ್ಲಿದ್ದ ಗುಪ್ತ ಬಾಗಿಲಿನಿಂದ ಅವರು ಕೆಳಗಿಳಿದ ಮೇಲೆ ಬೆಂಕಿ ಏಳಬೇಕಿತ್ತು. 1938ರ ಡಿಸೆಂಬರ್‌ನಲ್ಲಿ ಒಂದು ಟೇಕ್‌ನಲ್ಲಿ ಬೆಂಕಿ ಮೊದಲೇ ಎದ್ದಿತು. ಮುಖ, ಕೈ ಸುಟ್ಟವು. ಹಸಿರು ಬಣ್ಣದಲ್ಲಿ ತಾಮ್ರದ ಅಂಶವಿತ್ತು. ಸುಟ್ಟ ಚರ್ಮದ ಮೇಲೇ ಆಲ್ಕೋಹಾಲ್ ಹಾಕಿ ಅದನ್ನು ಒರೆಸಬೇಕಾಯ್ತು. ಆ ಉರಿ ಹೇಗಿದ್ದಿರಬಹುದು ನೀವೇ ಯೋಚಿಸಿ! ಸುಮಾರು ಆರು ವಾರ ಮನೆಯಲ್ಲಿದ್ದು ಮರಳಿದವರು, ಇನ್ನು ಬೆಂಕಿಯ ಹತ್ತಿರ ಬರಲ್ಲ ಅಂದುಬಿಟ್ಟರು. ಹೊಗೆಯುಗುಳುವ ಪೊರಕೆಯ ಮೇಲೆ ಅವರ ಬದಲು ಕೂತ ಬೆಟ್ಟಿ ಡ್ಯಾಂಕೋಗೆ ಅದು ಸಿಡಿದು ಕಾಲಿಗೆ ಗಾಯವಾಯ್ತು.

ತಗಡಿನ ಮನುಷ್ಯನ ಪಾತ್ರಕ್ಕೆ ಮೊದಲು ಬಂದವರು ಬಡಿ ಎಬ್ಸನ್. ಮೈಗೆ ಬಳಿದ ಅಲ್ಯೂಮಿನಿಯಂ ಪುಡಿ ಉಸಿರಿನೊಂದಿಗೆ ಒಳಹೋಗಿ ಆಸ್ಪತ್ರೆ ಸೇರಿದರು. ಅವರ ಜಾಗಕ್ಕೆ ಬಂದ ಜ್ಯಾಕ್ ಹೇಲಿಗೆ ಪುಡಿಯ ಬದಲು ಪೇಸ್ಟ್ ಹಚ್ಚಿದರು.

ನಿರ್ದೇಶಕರೂ ಒಬ್ಬರಾದ ಮೇಲೊಬ್ಬರು ಬದಲಾದರು. ರಿಚರ್ಡ್ ಥಾರ್ಪ್ ಹೋದರು. ಕೆಲವೇ ದಿನ ಇದ್ದ ಜಾರ್ಜ್ ಕ್ಯೂಕರ್, ಡೊರೊಥಿಯಾಗಿದ್ದ ಹದಿನಾರರ ಜೂಡಿ ಗಾರ್ಲ್ಯಾಂಡ್‌ಳ ಹೊಂಬಣ್ಣದ ವಿಗ್ ತೆಗೆಸಿದರು. ಬಹುಪಾಲು ಚಿತ್ರೀಕರಿಸಿದ ವಿಕ್ಟರ್ ಫ್ಲೆಮಿಂಗ್ ‘ಗಾನ್ ವಿತ್ ದ ವಿಂಡ್’ಗೆ ಹೊರಟಾಗ ಕ್ಯಾನ್ಸಸ್ ದೃಶ್ಯಗಳನ್ನು ಮುಗಿಸಿದ್ದು ಕಿಂಗ್ ವಿಡಾರ್. ಅವರು ಚಿತ್ರೀಕರಿಸಿದ ‘ಓವರ್ ದ ರೇನ್‌ಬೋ’ ಹಾಡನ್ನು ಒಂದು ಹಂತದಲ್ಲಿ ಕತ್ತರಿಸಿ ಹಾಕಿದ್ದರಂತೆ. ಕೊನೆಗೆ ಉಳಿಯಿತು, ಆಸ್ಕರ್ ಗೆದ್ದಿತು. ಆದರೆ ಖರ್ಚು ವಿಪರೀತವಾಗಿ ಮೊದಲ ಬಿಡುಗಡೆಯಲ್ಲಿ ಸಿನಿಮಾ ನಷ್ಟವನ್ನೇ ಕಂಡಿತು. 1956ರಿಂದ ಟಿವಿಯಲ್ಲಿ ಬರತೊಡಗಿದ ಮೇಲೆ ಮನೆಮನೆಯ ಮಕ್ಕಳದ್ದಾಯಿತು.

ನನ್ನ ಮನಸ್ಸಿಗೆ ತಟ್ಟಿದ್ದು ಇನ್ನೊಂದು ವಿಷಯ. ಹ್ಯಾಮಿಲ್ಟನ್ ನಟಿಯಾಗುವ ಮೊದಲು ಶಿಶುವಿಹಾರದ ಟೀಚರ್! ಮಕ್ಕಳು ತಮ್ಮನ್ನು ಕಂಡು ಹೆದರಬಾರದು ಅಂತ 1975ರಲ್ಲಿ ಮಕ್ಕಳ ಟಿವಿ ಕಾರ್ಯಕ್ರಮವೊಂದಕ್ಕೆ ಬಂದು, ಮಾಟಗಾತಿಯ ಉಡುಪನ್ನು ಒಂದೊಂದಾಗಿ ತೊಟ್ಟು, ಇದು ಬರೀ ವೇಷ ಅಂತ ತೋರಿಸಿದರು.

ಮಗಳಿಗೆ ಇಷ್ಟನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: ‘ಅಮ್ಮಾ, ಆ ಟೀಚರ್ ಕೈ ವಾಸಿ ಆಯ್ತಾ?’

‘ಆಯ್ತು ಪುಟ್ಟಿ’ ಅಂದೆ. ‘ಹಾಗಾದ್ರೆ ಇನ್ನೊಂದ್ಸಲ ಹಾಕು’ ಅಂದಳು. ಈ ಸಲ ಮಾಟಗಾತಿ ಬಂದಾಗ ಮುಖ ಮುಚ್ಚಿಕೊಳ್ಳಲಿಲ್ಲ.