ಕಡಲ ಗುಡ್ಡದ ಮೇಲೆ ಅಬ್ಬಾನ ನಡಿಗೆ

ಐರ್ಲೆಂಡಿನಲ್ಲಿ ಕೆಲಸದಲ್ಲಿರುವ ನನ್ನ ತಮ್ಮ ಕಳೆದ ವರ್ಷ ರಜೆಯಲ್ಲಿ ಮೋಹರ್ ಎಂಬಲ್ಲಿನ ಕಡಲ ಬಂಡೆಗಳ ಅಂಚಿನಲ್ಲಿ ನಡೆದು, ಅದರ ವಿಡಿಯೊವನ್ನು ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಕಳಿಸಿದ್ದ. ಸಮುದ್ರದಿಂದ ನೆಟ್ಟಗೆ ಎದ್ದ ಗೋಡೆಯಂಥ ಬಂಡೆಗಳು, ಅತಿ ಎತ್ತರದ ಕಡೆ 214 ಮೀಟರ್. ಅಬ್ಬಾ ಅದನ್ನು ಎಷ್ಟು ಸಲ ನೋಡಿದರೋ! "ನಾನೂ ಒಮ್ಮೆ ಇಂಥ ಕಡೆ ನಡೀಬೇಕು" ಎಂದರು.

ನಮಗೆ ಆಶ್ಚರ್ಯ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಅಬ್ಬಾ ಕುರ್ಚಿ ಬಿಟ್ಟು ಎದ್ದದ್ದೇ ಕಡಿಮೆ. ಹನ್ನೆರಡು ವರ್ಷಗಳ ಸಕ್ಕರೆ ಕಾಯಿಲೆ. ಜೊತೆಗೆ ಮಂಡಿ ನೋವು. "ದಿನಾ ನಡೆಯಿರಿ" ಎಂದು ವೈದ್ಯರು ಹೇಳಿ ಹೇಳಿ ಸೋತಿದ್ದರು. ಐರ್ಲೆಂಡ್ ದೂರದ ಮಾತು. ಆದರೆ ಕಡಲಂಚಿನ ಗುಡ್ಡದ ದಾರಿ ನಮ್ಮ ಗೋಕರ್ಣದಲ್ಲೂ ಇದೆಯಲ್ಲ! "ಎರಡು ತಿಂಗಳು ನಾಲೆ ಏರಿಯ ಮೇಲೆ ನಡೆದು ತೋರಿಸಿ, ಜನವರಿಯಲ್ಲಿ ಕರೆದುಕೊಂಡು ಹೋಗ್ತೀವಿ" ಎಂದು ನಾನು ಷರತ್ತು ಹಾಕಿದೆ.

ಮೊದಲು ಊರಲ್ಲಿ ನಡಿಗೆ

ಫಜ್ರ್ ನಮಾಝ್ ಮುಗಿಸಿ ಅಬ್ಬಾ ಭದ್ರಾ ನಾಲೆಯ ಪಕ್ಕ ನಡೆಯತೊಡಗಿದರು. ಮೊದಲ ವಾರ ಹತ್ತೇ ನಿಮಿಷ. ಪ್ರತಿ ವಾರ ಐದೈದು ನಿಮಿಷ ಹೆಚ್ಚಿಸಿದೆವು. ಕೊನೆಯ ಎರಡು ವಾರ ಮನೆಯ ಮೆಟ್ಟಿಲು ಹತ್ತಿ ಇಳಿಯುವ ಅಭ್ಯಾಸವೂ ಸೇರಿತು. ಶಿವಮೊಗ್ಗದವರಿಗೆ ಗಾಂಧಿ ಪಾರ್ಕ್, ಹಳೆ ಜೈಲು ಮೈದಾನ, ತುಂಗಾ ತೀರ ಇವೆ. ಜಾಗ ಯಾವುದಾದರೂ ಸರಿ, ಪ್ರವಾಸಕ್ಕೆ ಕನಿಷ್ಠ ಆರು ವಾರ ಮೊದಲೇ ಕಾಲುಗಳನ್ನು ಪಳಗಿಸಬೇಕು. ಗುಡ್ಡ ಹತ್ತುವಾಗ ಕೆಲಸ ಹೆಚ್ಚುವುದು ಎದೆಗೆ, ಇಳಿಯುವಾಗ ಮಂಡಿಗೆ. ಇಳಿಜಾರಿನಲ್ಲಿ ಸಣ್ಣ ಹೆಜ್ಜೆ ಇಡುವುದು, ಕೋಲು ಹಿಡಿಯುವುದು ನಾಚಿಕೆಯ ವಿಷಯವಲ್ಲ. ಎದೆನೋವು, ಏದುಸಿರು ಇದ್ದವರು ವೈದ್ಯರಿಗೆ ತೋರಿಸದೆ ಹೊರಡಲೇಬಾರದು.

ಗುಡ್ಡದ ಮೇಲೆ

ಶಿವಮೊಗ್ಗ, ಸಾಗರ ದಾಟಿ ಗೇರುಸೊಪ್ಪೆ ಘಾಟಿ ಇಳಿದು ಹೊನ್ನಾವರ, ಕುಮಟಾ ಮಾರ್ಗವಾಗಿ ಗೋಕರ್ಣ ತಲುಪಿದೆವು. ಮಹಾಬಲೇಶ್ವರ ದೇವಾಲಯದಿಂದ ಹೆಸರಾದ ಈ ಊರಿನ ದಕ್ಷಿಣಕ್ಕೆ ಕುಡ್ಲೆ, ಓಂ, ಹಾಫ್‌ಮೂನ್, ಪ್ಯಾರಡೈಸ್ ಎಂಬ ಕಡಲತೀರಗಳು ಒಂದಾದ ಮೇಲೊಂದು ಇವೆ. ನಡುನಡುವೆ ಸಮುದ್ರದೊಳಕ್ಕೆ ಚಾಚಿದ ಜಂಬಿಟ್ಟಿಗೆ ಕಲ್ಲಿನ ಗುಡ್ಡಗಳು. ಒಂದು ತೀರದಿಂದ ಇನ್ನೊಂದಕ್ಕೆ ಈ ಗುಡ್ಡಗಳ ಮೇಲೆ ಕಾಲುದಾರಿ ಇದೆ. ಮೋಹರ್‌ನಷ್ಟು ಎತ್ತರವಿಲ್ಲ ನಿಜ. ಆದರೆ ಕೆಳಗೆ ಅಲೆ ಬಂಡೆಗೆ ಅಪ್ಪಳಿಸುವುದನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ.

ದಾರಿ ತೋರಿಸಲು ಸ್ಥಳೀಯ ಮೀನುಗಾರ ಯುವಕನೊಬ್ಬನನ್ನು ಗೊತ್ತುಮಾಡಿಕೊಂಡಿದ್ದೆವು. ಹೊರಡುವ ಮೊದಲು ಅವನು ಕೇಳಿದ: "ಯಾರಿಗಾದ್ರೂ ಬಿಪಿ, ಶುಗರ್, ಹಾರ್ಟಿನ ತೊಂದರೆ ಇದ್ಯಾ?" ಅಬ್ಬಾ ಥಟ್ಟನೆ "ಏನೂ ಇಲ್ಲ ಮಗಾ, ನಡಿ" ಎಂದುಬಿಟ್ಟರು. ನಾವೂ ಸುಮ್ಮನಾದೆವು. ನಮ್ಮ ದೊಡ್ಡ ತಪ್ಪು ಅದೇ.

ಎರಡನೆಯ ತಪ್ಪು ಬೆಳಿಗ್ಗೆಯೇ ಆಗಿತ್ತು. ಬಿಸಿಲೇರುವ ಮೊದಲು ಹೊರಡುವ ಆತುರದಲ್ಲಿ ಅಬ್ಬಾ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ಒಂದು ಲೋಟ ಸಪ್ಪೆ ಚಹಾ ಕುಡಿದು ಎದ್ದಿದ್ದರು. ನಾಷ್ಟಾ ಮಾಡಿರಲಿಲ್ಲ.

ಕುಡ್ಲೆಯಿಂದ ಓಂ ತೀರದವರೆಗೆ ಎಲ್ಲರಿಗಿಂತ ಮುಂದೆ ಅವರೇ. ಓಂ ದಾಟಿ ಹಾಫ್‌ಮೂನ್ ಕಡೆಯ ಗುಡ್ಡ ಏರುವಾಗ ಹಿಂದೆ ಬಿದ್ದರು. ಅಂಗಿ ಬೆವರಿನಿಂದ ತೊಯ್ದಿತ್ತು, ಕೈ ನಡುಗುತ್ತಿತ್ತು. "ಕೂತ್ಕೊಳ್ಳಿ ಅಬ್ಬಾ" ಎಂದರೆ, "ನಂಗೇನೂ ಆಗಿಲ್ಲ, ನೀವೇ ಕೂತ್ಕೊಳ್ಳಿ!" ಎಂದು ರೇಗಿದರು. ಅವರು ಹಾಗೆ ರೇಗುವವರೇ ಅಲ್ಲ. ಬಿಸಿಲಿನ ಆಯಾಸವೆಂದು ನಾನು ನೀರು ಕೊಡಲು ಹೋದೆ. ಮಾರ್ಗದರ್ಶಿ ಯುವಕ ಅವರ ಮುಖ ನೋಡಿ, "ಅಕ್ಕಾ, ನಿಜ ಹೇಳಿ, ಇವರಿಗೆ ಶುಗರ್ ಇದ್ಯಾ? ನಮ್ಮಮ್ಮಂಗೂ ಹಿಂಗೇ ಆಗ್ತದೆ" ಎಂದ. ಅಂಚಿನಿಂದ ದೂರ ಸರಿಸಿ ನೆರಳಿನಲ್ಲಿ ಕೂರಿಸಿ, ತನ್ನ ಚೀಲದಿಂದ ಗ್ಲೂಕೋಸ್ ಪುಡಿ ತೆಗೆದು ನೀರಿಗೆ ಕಲಸಿ ಕುಡಿಸಿದ. ಕಾಲು ಗಂಟೆಯಲ್ಲಿ ಅಬ್ಬಾನ ಮುಖಕ್ಕೆ ಕಳೆ ಬಂತು. ಆಗ ಬಿಸ್ಕತ್ತು, ಬಾಳೆಹಣ್ಣು ತಿನ್ನಿಸಿದೆವು. ನಮ್ಮ ಗ್ಲುಕೋಮೀಟರ್ ಮಾತ್ರ ಕಾರಿನಲ್ಲಿ ಭದ್ರವಾಗಿತ್ತು!

ಆ ದಾರಿಯ ಬದಿಗೆ ಬೇಲಿಯಿಲ್ಲ. ಕಣ್ಣು ಮಂಜಾಗಿ ಎರಡು ಹೆಜ್ಜೆ ತಪ್ಪಿದ್ದರೂ ಏನಾಗುತ್ತಿತ್ತೆಂದು ನೆನೆದರೆ ಈಗಲೂ ಮೈ ನಡುಗುತ್ತದೆ. ಪ್ಯಾರಡೈಸ್ ಆಸೆ ಬಿಟ್ಟು, ಹಾಫ್‌ಮೂನ್‌ಗೆ ನಿಧಾನವಾಗಿ ಇಳಿದು ದೋಣಿಯಲ್ಲಿ ಮರಳಿದೆವು.

ಸಕ್ಕರೆ ಇಳಿದಾಗ

ಸಕ್ಕರೆ ಕಾಯಿಲೆ ಎಂದರೆ ಸಕ್ಕರೆ ಏರುವುದು ಮಾತ್ರ ಎಂದು ತಿಳಿದವರೇ ಹೆಚ್ಚು. ಇಳಿಯುವುದು ಇನ್ನೂ ಬೇಗ ಅಪಾಯ ತರುತ್ತದೆ. ನಡೆಯುವಾಗ ಸ್ನಾಯುಗಳು ರಕ್ತದ ಸಕ್ಕರೆಯನ್ನು ಹೀರಿಕೊಳ್ಳುತ್ತವೆ. ಇನ್ಸುಲಿನ್ ಮತ್ತು ಗ್ಲಿಮೆಪಿರೈಡ್‌ನಂಥ ಮಾತ್ರೆಗಳೂ ಅದನ್ನು ಇಳಿಸುತ್ತವೆ. ಹೊಟ್ಟೆ ಖಾಲಿಯಿದ್ದರೆ ಮೂರೂ ಸೇರಿ ಅನಾಹುತ. ನಡುಕ, ತಣ್ಣನೆಯ ಬೆವರು, ಎದೆ ಬಡಿತ, ಮಂಜುಗಣ್ಣು, ತೊದಲು ಮಾತು, ಕಾರಣವಿಲ್ಲದ ಸಿಟ್ಟು ಇದರ ಲಕ್ಷಣಗಳು.

70ಕ್ಕಿಂತ ಕೆಳಗಿದ್ದರೆ ಕಡಿಮೆಯೆಂದೇ ಲೆಕ್ಕ. ಅಳೆಯುವ ಯಂತ್ರವಿಲ್ಲದಿದ್ದರೆ ಕಾಯಬೇಡಿ. ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸನ್ನು ನೀರಿಗೆ ಹಾಕಿ ಕುಡಿಸಿ. 15 ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ ಕೊಡಿ. ಸುಧಾರಿಸಿದ ಮೇಲೆ ಊಟವನ್ನೋ ಬಿಸ್ಕತ್ತನ್ನೋ ಕೊಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ಉಸಿರುಗಟ್ಟಬಹುದು. ಪಕ್ಕಕ್ಕೆ ಮಲಗಿಸಿ 108ಕ್ಕೆ ಕರೆ ಮಾಡಿ. ಹೆಚ್ಚು ನಡೆದ ದಿನ ರಾತ್ರಿಯೂ ಸಕ್ಕರೆ ಇಳಿಯಬಹುದು. ಮಾತ್ರೆಯ ಪ್ರಮಾಣವನ್ನು ನೀವಾಗಿ ಬದಲಿಸದೆ, ಪ್ರವಾಸಕ್ಕೆ ಮೊದಲೇ ವೈದ್ಯರನ್ನು ಕೇಳಿ. ಸಕ್ಕರೆ ಕಾಯಿಲೆಯವರು ಮರಳಿನಲ್ಲೂ ಬರಿಗಾಲಲ್ಲಿ ನಡೆಯಬಾರದು. ಸ್ಪರ್ಶ ಕಡಿಮೆಯಿರುವ ಪಾದಕ್ಕೆ ಸುಟ್ಟರೂ ಚಿಪ್ಪು ಕೊಯ್ದರೂ ತಿಳಿಯುವುದಿಲ್ಲ. ರಾತ್ರಿ ಪಾದ ತೊಳೆದು, ಒರೆಸಿ, ಬೆರಳ ಸಂದಿಗಳನ್ನೂ ನೋಡಿ.

ಸಹೋದರಿಯರಿಗೆ ಎರಡು ಮಾತು

ದಾರಿಯಲ್ಲಿ ಶೌಚಾಲಯ ಸಿಗದೆಂದು ನಾವು ಹೆಂಗಸರು ನೀರನ್ನೇ ಕುಡಿಯುವುದಿಲ್ಲ. ನಮ್ಮ ಅತ್ತಿಗೆ ಹಾಗೇ ಮಾಡಿ, ಊರಿಗೆ ಬಂದು ಉರಿಮೂತ್ರದಿಂದ ವಾರ ನರಳಿದರು. ಕರಾವಳಿಯ ತೇವ ಗಾಳಿಯಲ್ಲಿ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಆದ್ದರಿಂದ ನೀರು ಇನ್ನೂ ಹೆಚ್ಚು ಬೇಕು. ಹೊರಡುವ ಮುನ್ನ ತಂಗಿದ ಕೋಣೆಯಲ್ಲಿ, ನಡುವೆ ತೀರದ ಹೋಟೆಲುಗಳಲ್ಲಿ ಶೌಚಕ್ಕೆ ಹೋಗಿ, ಅಲ್ಪಸ್ವಲ್ಪವಾಗಿ ನೀರು ಕುಡಿಯುತ್ತಿರಿ. ಮೂತ್ರ ತಡೆಯಬೇಡಿ.

ಕಾಲಿಗೆ ತೊಡರುವ ಉದ್ದನೆಯ ಬುರ್ಖಾ ಕಲ್ಲುದಾರಿಯಲ್ಲಿ ಅಪಾಯ. ಹಿಮ್ಮಡಿಗಿಂತ ಮೇಲೆ ನಿಲ್ಲುವ ಹತ್ತಿಯ ಬುರ್ಖಾ, ಒಳಗೆ ಸಲ್ವಾರ್, ಕಾಲಿಗೆ ಹಿಡಿತದ ಶೂ ಇರಲಿ. ನುಣುಪು ಚಪ್ಪಲಿ ಸಣ್ಣ ಜಂಬಿಟ್ಟಿಗೆ ಹರಳುಗಳ ಮೇಲೆ ಜಾರುತ್ತದೆ.

ಇನ್ನೊಂದು ಎಚ್ಚರಿಕೆ ದಾರಿಯದು. ಸಾಗರ, ಹೊನ್ನಾವರದ ಕಾಡಿನ ಬದಿ ಚಾಪೆ ಹಾಸಿ ಬುತ್ತಿ ಬಿಚ್ಚುವುದು ನಮ್ಮ ರೂಢಿ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ. ಡಿಸೆಂಬರಿನಿಂದ ಮೇವರೆಗೆ ಅದರ ಕಾಲ, ಪ್ರವಾಸದ ಕಾಲವೂ ಅದೇ. ತರಗೆಲೆಗಳ ಮೇಲೆ ಕೂರಬೇಡಿ. ಉಣುಗು ಅಲ್ಲೇ ಇರುತ್ತದೆ. ಕಾಡಿನೊಳಗೆ ಹೋಗಿ ಬಂದರೆ ಬಿಸಿನೀರಿನಲ್ಲಿ ಮಿಂದು ಬಟ್ಟೆ ಒಗೆಯಿರಿ. ಒಂದೆರಡು ವಾರದಲ್ಲಿ ಜ್ವರ ಬಂದರೆ ಎಲ್ಲಿಗೆ ಹೋಗಿದ್ದಿರೆಂದು ವೈದ್ಯರಿಗೆ ಹೇಳಿ.

ಹೇಳಿದರೆ ಹಗುರ

ತಮ್ಮನಿಗೆ ಫೋನಿನಲ್ಲಿ ಎಲ್ಲ ತಿಳಿಸಿದಾಗ ಅವನೆಂದ: "ಇಲ್ಲೂ ಗೈಡ್ ಮೊದಲು ಕೇಳಿದ್ದು ಅದೇ ಪ್ರಶ್ನೆ. ಒಬ್ಬೊಬ್ಬರೂ ತಮ್ಮ ಕಾಯಿಲೆ, ಮಾತ್ರೆ ಎಲ್ಲ ಹೇಳಿದರು. ಯಾರೂ ನಗಲಿಲ್ಲ." ಅಬ್ಬಾ ಪಕ್ಕದಲ್ಲೇ ಕೇಳಿಸಿಕೊಳ್ಳುತ್ತಿದ್ದರು. "ಹೇಳಿದ್ರೆ ಕರ್ಕೊಂಡು ಹೋಗಲ್ಲ ಅನ್ಕೊಂಡೆ" ಎಂದು ಮೆಲ್ಲಗೆ ಅಂದರು. ಕಾಯಿಲೆಯನ್ನು ಮುಚ್ಚಿಡುವ ಹಿರಿಯರಿಗೆ ಇರುವ ಭಯ ಇದೇ, ತಮ್ಮನ್ನು ಮನೆಯಲ್ಲೇ ಬಿಟ್ಟುಹೋಗುತ್ತಾರೆಂಬುದು. ಆ ಭಯ ಕಳೆಯುವುದು ಮಕ್ಕಳಾದ ನಮ್ಮ ಕೆಲಸ.

ನಡೆಯುವ ದಿನದ ಊಟ, ಮಾತ್ರೆ ಹೇಗಿರಬೇಕೆಂದು ಈಗ ವೈದ್ಯರು ಬರೆದುಕೊಟ್ಟಿದ್ದಾರೆ. ಅಬ್ಬಾ ಇಂದಿಗೂ ನಾಲೆ ಏರಿಯ ಮೇಲೆ ನಡೆಯುತ್ತಾರೆ. ಅಂಗಿಯ ಜೇಬಿನಲ್ಲಿ ಗ್ಲೂಕೋಸ್ ಪೊಟ್ಟಣ, ಹೆಸರು, ಕಾಯಿಲೆ, ನನ್ನ ಫೋನ್ ನಂಬರ್ ಬರೆದ ಚೀಟಿ. ಮಳೆಗಾಲ ಕಳೆಯಲಿ, ಬಿಟ್ಟುಬಂದ ಪ್ಯಾರಡೈಸ್ ತನಕ ನಡೆಯೋಣ ಎನ್ನುತ್ತಿದ್ದಾರೆ. ಈ ಸಲ ನಾಷ್ಟಾ ಮಾಡಿಯೇ ಹೊರಡುತ್ತಾರಂತೆ.