ಮರಳಿ ಬಂದ ವೀರ, ಮಾರುವೇಷದ ವೀರ: ಅಂತರ್ಜಾಲದ ಆಟಗಳಲ್ಲಿ ಅಭಿಜ್ಞಾನ

ಮಹಾಭಾರತದ ನಳೋಪಾಖ್ಯಾನದ ಪೂರ್ವಾರ್ಧದಲ್ಲಿ ನಾಲ್ವರು ದೇವತೆಗಳು ನಳನ ರೂಪವನ್ನು ತಳೆದು ಸ್ವಯಂವರಕ್ಕೆ ಬರುತ್ತಾರೆ. ಉತ್ತರಾರ್ಧದಲ್ಲಿ ನಿಜವಾದ ನಳನೇ ಬಾಹುಕನೆಂಬ ವಿರೂಪ ಸಾರಥಿಯಾಗಿ ಮರಳುತ್ತಾನೆ. ಬೆವರು, ನೆರಳು, ಬಾಡಿದ ಮಾಲೆ ಇವುಗಳಿಂದ ದಮಯಂತಿ ಮೊದಲ ಸಲ ಪತಿಯನ್ನು ಗುರುತಿಸಿದಳು; ಎರಡನೆಯ ಸಲ ಅವನ ಕೈಯಡುಗೆಯ ರುಚಿ ನೆರವಾಯಿತು. ಕನಕದಾಸರ ‘ನಳಚರಿತ್ರೆ’ಯಿಂದ ಕನ್ನಡಿಗರಿಗೆ ಈ ಕಥೆ ಚಿರಪರಿಚಿತ. ಇಲ್ಲಿ ಅಭಿಜ್ಞಾನವು ದೊರೆತ ಮೇಲೆ ಸಂದೇಹಕ್ಕೆ ಎಡೆಯಿಲ್ಲ. ಇದೇ ವಸ್ತುವು, ಸಹಸ್ರಾರು ಮಂದಿ ಅಂತರ್ಜಾಲದಲ್ಲಿ ಕೂಡಿ ಆಡುವ ಪಾತ್ರಧಾರಣೆಯ ಆಟಗಳಿಗೆ ಬಂದಾಗ ಪಡೆದ ರೂಪಾಂತರವನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಆಟಗಳಲ್ಲಿ ಪ್ರತಿಯೊಬ್ಬ ಆಟಗಾರನೂ ತನಗೊಂದು ಪಾತ್ರವನ್ನು ನಿರ್ಮಿಸಿಕೊಳ್ಳುತ್ತಾನೆ. ಕಥೆಯು ಅವರಲ್ಲಿ ಒಬ್ಬೊಬ್ಬನನ್ನೂ ಏಕೈಕ ವೀರನೆಂದೇ ಸಂಬೋಧಿಸುತ್ತದೆ. ಇದರಿಂದ ಹುಟ್ಟುವ ತೊಡಕಿಗೆ 2004ರಲ್ಲಿ ಆರಂಭವಾದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಒಳ್ಳೆಯ ನಿದರ್ಶನ. ಅಲ್ಲಿ ಸ್ಟಾರ್ಮ್‌ವಿಂಡ್ ಎಂಬ ನಗರದ ಅರಸ ವೇರಿಯನ್ ಕಾಣೆಯಾಗಿದ್ದಾನೆ, ಸಿಂಹಾಸನದಲ್ಲಿ ಬಾಲಕನಿದ್ದಾನೆ. ಆಸ್ಥಾನದ ಕುಲೀನ ಸ್ತ್ರೀ ಕಟ್ರಾನಾ ಪ್ರೆಸ್ಟರ್ ವಸ್ತುತಃ ಓನಿಕ್ಸಿಯಾ ಎಂಬ ಹೆಣ್ಣು ಡ್ರ್ಯಾಗನ್. ಸೆರೆಯಿಂದ ಬಿಡುಗಡೆ ಹೊಂದಿದ ವಿಂಡ್ಸರ್ ಎಂಬ ದಳಪತಿ ಆಟಗಾರನೊಡನೆ ನಗರದ ಬೀದಿಗಳಲ್ಲಿ ನಡೆದು ಅರಮನೆಯನ್ನು ಸೇರುತ್ತಾನೆ. ದಾರಿಯುದ್ದಕ್ಕೂ ಕಾವಲುಗಾರರು ಅವನಿಗೆ ವಂದಿಸುತ್ತಾರೆ. ಸಭೆಯಲ್ಲಿ ಅವನು ವಂಚಕಿಯ ವೇಷವನ್ನು ಕಳಚಿಸಿ ಅಸು ನೀಗುತ್ತಾನೆ.

ದೃಶ್ಯವು ಗಂಭೀರವಾದುದು. ಆದರೆ ಕೆಲವು ನಿಮಿಷಗಳಲ್ಲಿ ಕಟ್ರಾನಾ ಏನೂ ನಡೆಯದವಳಂತೆ ಮರಳಿ ಆಸ್ಥಾನದಲ್ಲಿ ನಿಂತಿರುತ್ತಾಳೆ. ಏಕೆಂದರೆ ಮುಂದಿನ ಆಟಗಾರನಿಗೂ ಅವಳ ಗುಟ್ಟು ಬಯಲಾಗಬೇಕು. ಲೋಕ ಎಲ್ಲರಿಗೂ ಒಂದೇ, ಕಥೆ ಮಾತ್ರ ಒಬ್ಬೊಬ್ಬರಿಗೂ ಪ್ರತ್ಯೇಕ. ಹೀಗಾಗಿ ಒಬ್ಬನಿಗೆ ಬಯಲಾದ ಸತ್ಯ ಪಕ್ಕದಲ್ಲಿ ನಿಂತವನಿಗೆ ಇನ್ನೂ ಮರೆಯಾಗಿಯೇ ಇರುತ್ತದೆ.

ಕಾಣೆಯಾದ ಅರಸನ ಪುನರಾಗಮನವೂ ವಿಚಾರಾರ್ಹ. 2007ರಲ್ಲಿ ಮೊದಲಾದ ಚಿತ್ರಕಥಾಮಾಲಿಕೆಯ ಪ್ರಕಾರ ಓನಿಕ್ಸಿಯಾ ಮಾಯೆಯಿಂದ ವೇರಿಯನ್ನನನ್ನು ಇಬ್ಬರನ್ನಾಗಿ ಸೀಳುತ್ತಾಳೆ. ದೃಢಸಂಕಲ್ಪದ ಭಾಗ ನೆನಪಳಿದು ಮಲ್ಲರಂಗದಲ್ಲಿ ಕಾದುತ್ತದೆ; ದುರ್ಬಲ ಭಾಗ ಅರಸನಾಗಿ ಊರಿಗೆ ಮರಳುತ್ತದೆ. ಆದುದರಿಂದ ಸಿಂಹಾಸನವೇರಿದವನು ಪೂರ್ಣ ನಿಜನೂ ಅಲ್ಲ, ಪೂರ್ಣ ಹುಸಿಯೂ ಅಲ್ಲ. ಕಲ್ಪನೆ ಸೊಗಸಾದುದೇ. ಆದರೆ ಚಿತ್ರಕಥೆಯನ್ನು ಓದದೆ ಆಟವನ್ನಷ್ಟೇ ಆಡಿದವರಿಗೆ 2008ರಲ್ಲಿ ಅರಸನು ಸಿಂಹಾಸನದ ಬಳಿ ಥಟ್ಟನೆ ಕಾಣಿಸಿಕೊಂಡನು. ಗುರುತಿಸುವ ಘಟ್ಟವಿಲ್ಲದ ಪುನರಾಗಮನ ರಸಹೀನವೆಂಬುದಕ್ಕೆ ಇದೇ ಸಾಕ್ಷಿ.

‘ಫೈನಲ್ ಫ್ಯಾಂಟಸಿ 14’ ಈ ಸಮಸ್ಯೆಯನ್ನು ಬೇರೊಂದು ಬಗೆಯಲ್ಲಿ ಬಿಡಿಸಿತು. 2010ರಲ್ಲಿ ಹೊರಬಂದ ಈ ಜಪಾನೀ ಆಟ ಜನಮನ್ನಣೆ ಪಡೆಯದೆ ಸೋತಿತು. 2012ರ ನವೆಂಬರಿನಲ್ಲಿ ಆಕಾಶದಿಂದ ಚಂದ್ರನೊಂದು ಬಿದ್ದು ಲೋಕವು ಧ್ವಂಸವಾಗುವ ದೃಶ್ಯದೊಡನೆ ನಿರ್ಮಾಪಕರು ಅದನ್ನು ಮುಚ್ಚಿ, 2013ರ ಆಗಸ್ಟಿನಲ್ಲಿ ಹೊಸದಾಗಿ ತೆರೆದರು. ಕಥೆಯಲ್ಲಿ ಐದು ವರ್ಷ ಕಳೆದಿವೆ. ಹಿಂದೆ ಹೋರಾಡಿದ ವೀರರನ್ನು ಜನ ಮರೆತಿಲ್ಲ. ಆದರೆ ಅವರ ಮುಖವನ್ನಾಗಲಿ ಹೆಸರನ್ನಾಗಲಿ ಯಾರೂ ಸ್ಮರಿಸಲಾರರು. ನೆನೆದೊಡನೆ ಕಣ್ಣು ಕೋರೈಸುವ ಬೆಳಕು ಅಡ್ಡ ಬರುತ್ತದೆ. ಅದರಿಂದಲೇ ಅವರಿಗೆ ‘ಬೆಳಕಿನ ಯೋಧರು’ ಎಂಬ ಹೆಸರು. ಹಳೆಯ ಆಟದ ದೀರ್ಘಕಾಲದ ಚಂದಾದಾರರ ಪಾತ್ರಗಳಿಗೆ ಮೈಮೇಲೊಂದು ಹಚ್ಚೆಯೂ ಸಂಭಾಷಣೆಗಳಲ್ಲಿ ಅಲ್ಪ ವ್ಯತ್ಯಾಸವೂ ದೊರೆತವು. ಇಲ್ಲಿ ಮರಳಿ ಬಂದ ವೀರನು ಕಥಾಪಾತ್ರನಷ್ಟೇ ಅಲ್ಲ, ಆಡುವವನೇ ಆಗಿದ್ದಾನೆ.

ಇದೇ ಆಟದ 2021ರ ‘ಎಂಡ್‌ವಾಕರ್’ ಭಾಗವು ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ವೈರಿಯಾದ ಜೀನೋಸನು ಆಟಗಾರನ ಪಾತ್ರದ ದೇಹವನ್ನೇ ಧರಿಸಿ ಮಿತ್ರರ ಶಿಬಿರದತ್ತ ಹೊರಡುತ್ತಾನೆ. ಆಟಗಾರನ ಆತ್ಮವಾದರೋ ಸಾಮಾನ್ಯ ಸೈನಿಕನೊಬ್ಬನ ಒಡಲಲ್ಲಿ ಸಿಲುಕಿದೆ. ವರ್ಷಗಳ ಕಾಲ ಗಳಿಸಿದ ಆಯುಧ, ವಿದ್ಯೆ ಒಂದೂ ಕೈಗೆ ಬಾರದು. ಹಿಮದಲ್ಲಿ ತಡವರಿಸುತ್ತ ತನ್ನದೇ ಮುಖವನ್ನು ಬೆನ್ನಟ್ಟಬೇಕು.

ದಮಯಂತಿಯ ಸಂಕಟವನ್ನು ನಾವು ಹೊರಗೆ ನಿಂತು ಕಂಡೆವು. ಇಲ್ಲಿ ಕೇಳುಗನೇ ಬಾಹುಕನಾಗಿದ್ದಾನೆ. ಆಟದ ಸಂಸ್ಥೆಗೆ ಅವನ ಗುರುತು ಒಂದು ಗುಪ್ತಪದದಿಂದ ಸಿದ್ಧವಾಗುತ್ತದೆ. ಕಥೆಗೆ ಅಷ್ಟು ಸಾಲದು. ಅದಕ್ಕೆ ಇನ್ನೊಬ್ಬರ ನೆನಪು ಬೇಕು. ರೂಪ, ನಾಮ, ಪರಾಕ್ರಮ ಮೂರನ್ನೂ ಅಪಹರಿಸಬಹುದು. ಕೂಡಿ ಬಾಳಿದವರ ಸ್ಮೃತಿಯನ್ನು ಅಪಹರಿಸುವುದು ಸುಲಭವಲ್ಲ. ಬಹುಕಾಲದ ಮೇಲೆ ಹುಟ್ಟೂರಿಗೆ ಹೋಗಿ, ತಾನು ಇಂಥವರ ಮಗನೆಂದು ಜಗಲಿಯ ಮೇಲೆ ಕುಳಿತವರಿಗೆ ಹೇಳಿಕೊಳ್ಳಬೇಕಾಗಿ ಬಂದ ಪರಸ್ಥಳವಾಸಿಗೆ ಈ ಪ್ರಸಂಗ ಬರಿಯ ಆಟವೆಂದು ತೋರಲಾರದು.