ಪಡಿಯಚ್ಚಿನಲ್ಲಿ ಕಾಣದ ಸೂರ್ಯ

ಮೂಲವನ್ನು ಕಣ್ಣಾರೆ ಕಾಣದೆಯೇ ಒಂದು ಚಿತ್ರವನ್ನು ನಲವತ್ತು ವರ್ಷ ಪ್ರೀತಿಸಬಹುದೆ? ನನ್ನ ಮಟ್ಟಿಗೆ ಅದು ಸಾಧ್ಯವಾಗಿದೆ. ಫ್ರಾನ್ಸಿನ ಚಿತ್ರಕಾರ ಕ್ಲೋದ್ ಮೊನೆಯ ಒಂದು ಕೃತಿಯನ್ನೂ ನಾನು ಎದುರು ನಿಂತು ನೋಡಿದವನಲ್ಲ. ಬಲ್ಲುದೆಲ್ಲವೂ ಅಚ್ಚಿನ ಕೃಪೆ. ಆದಕಾರಣ ಪಡಿಯಚ್ಚುಗಳನ್ನು ಕುರಿತ ನನ್ನ ಮಾತಿನಲ್ಲಿ ಋಣವೂ ಉಂಟು, ಸ್ವಲ್ಪ ಜಗಳವೂ ಉಂಟು.

ಜಗಳದಿಂದಲೇ ತೊಡಗುತ್ತೇನೆ. ವಿದ್ಯಾರ್ಥಿಯಾಗಿದ್ದಾಗ ಗ್ರಂಥಾಲಯದ ಪುಸ್ತಕವೊಂದರಲ್ಲಿ ‘ಇಂಪ್ರೆಷನ್, ಸೂರ್ಯೋದಯ’ ಎಂಬ ಚಿತ್ರದ ಕಪ್ಪುಬಿಳುಪು ಪ್ರತಿಯನ್ನು ಕಂಡೆ. 1872ರಲ್ಲಿ ಲ ಹಾವ್ರ್ ಬಂದರನ್ನು ಮೊನೆ ಬರೆದ ಚಿತ್ರ ಅದು. 1874ರಲ್ಲಿ ಪ್ಯಾರಿಸ್ಸಿನಲ್ಲಿ, ಛಾಯಾಗ್ರಾಹಕ ನಾದಾರನ ಹಿಂದಿನ ಸ್ಟುಡಿಯೋದಲ್ಲಿ ಅದು ಪ್ರದರ್ಶನಕ್ಕೆ ಬಂದಾಗ ಲೂಯಿ ಲೆರುವಾ ಎಂಬ ವಿಮರ್ಶಕ ಅದರ ಹೆಸರನ್ನೇ ಹಿಡಿದು ಗೇಲಿ ಮಾಡಿದ; ಗೇಲಿಯ ಮಾತೇ ಒಂದು ಪಂಥದ ಬಿರುದಾಯಿತು. ಇಷ್ಟನ್ನೆಲ್ಲ ಓದಿ ಪುಟ ತಿರುಗಿಸಿದರೆ ಮಂಜು, ನೀರು, ದೋಣಿಗಳು. ಸೂರ್ಯ ಮಾತ್ರ ನಾಪತ್ತೆ! ಅಚ್ಚು ಮಾಡಿದವನನ್ನು ಶಪಿಸಿದೆ. ಮುಂದೆ ಅಧ್ಯಾಪಕನಾದಾಗ, ‘ಹೆಸರಿನಲ್ಲಿ ಮಾತ್ರ ಸೂರ್ಯನಿರುವ ಚಿತ್ರ’ ಎಂದು ತರಗತಿಯಲ್ಲಿ ಬಣ್ಣಿಸಿಯೂ ಬಿಟ್ಟೆ.

ಬಣ್ಣದ ಪ್ರತಿ ಕೈಗೆ ಬಂದ ದಿನ ನಾಚಿಕೆಯಾಯಿತು. ಬೂದುನೀಲಿಯ ನಡುವೆ ಕಿತ್ತಳೆಯ ಬಿಂಬ ಕೆಂಡದಂತೆ ಕುಳಿತಿತ್ತು. ಹಾಗಾದರೆ ಕಪ್ಪುಬಿಳುಪಿನಲ್ಲಿ ಅದು ಅಡಗಿದ್ದೇಕೆ? ಅಮೆರಿಕದ ನರವಿಜ್ಞಾನಿ ಮಾರ್ಗರೆಟ್ ಲಿವಿಂಗ್‌ಸ್ಟನ್ 2002ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಇದನ್ನು ಬಿಡಿಸಿ ಹೇಳಿದ್ದಾರೆ. ಆ ಸೂರ್ಯನ ವರ್ಣ ಬೇರೆಯಾದರೂ ಅದರ ಬೆಳಕಿನ ಮಟ್ಟ ಸುತ್ತಲಿನ ಆಕಾಶದಷ್ಟೇ. ವರ್ಣವನ್ನು ತೆಗೆದುಹಾಕಿದರೆ ಉಳಿಯುವುದು ಬೆಳಕಿನ ಮಟ್ಟವೊಂದೇ. ಅದರಲ್ಲಿ ಸೂರ್ಯನಿಗೂ ಆಕಾಶಕ್ಕೂ ಭೇದವಿಲ್ಲ. ಅಚ್ಚು ಮಾಡಿದವನು ನಿರಪರಾಧಿ. ನನ್ನ ಆ ಹುಡುಗರು ಈಗ ಎಲ್ಲೆಲ್ಲೋ ಇದ್ದಾರೆ. ತಿದ್ದುಪಡಿಯನ್ನು ಅವರಿಗೆ ತಲುಪಿಸಲು ಆಕಾಶವಾಣಿಗಿಂತ ಬೇರೆ ದಾರಿ ನನಗಿಲ್ಲ.

ಬಣ್ಣದ ಅಚ್ಚಿನ ಮೇಲೆ ಭೂತಗನ್ನಡಿ ಹಿಡಿದು ನೋಡಿ. ಸಯಾನ್ ಎಂಬ ತಿಳಿನೀಲಿ, ಮಜೆಂಟ ಎಂಬ ಕೆನ್ನೇರಳೆ, ಹಳದಿ, ಕಪ್ಪು: ಈ ನಾಲ್ಕರ ಚುಕ್ಕಿಗಳ ಹೊರತು ಅಲ್ಲಿ ಬೇರೇನೂ ಇರದು. ಗನ್ನಡಿ ತೆಗೆದು ದೂರ ಸರಿದರೆ ಅವೇ ಕೂಡಿ ಹಸುರಾಗುತ್ತವೆ, ಮೋಡವಾಗುತ್ತವೆ. ಮೊನೆ ಮತ್ತು ಅವನ ಸಂಗಡಿಗರೂ ಅನೇಕ ಕಡೆ ಬಣ್ಣಗಳನ್ನು ಹಲಗೆಯಲ್ಲಿ ಪೂರ್ತಿ ಕಲಸದೆ, ಪಕ್ಕಪಕ್ಕದಲ್ಲಿಟ್ಟು, ಕೂಡಿಸುವ ಕೆಲಸವನ್ನು ನೋಡುವವನ ಕಣ್ಣಿಗೇ ಬಿಟ್ಟಿದ್ದರು. ಈ ನಂಟು ನನಗೆ ಎಂದೂ ಸೋಜಿಗ. ಆದರೆ ಯಂತ್ರದ ಚುಕ್ಕಿ ಕೊಟ್ಟ ಸಾಲಿನಲ್ಲಿ ವಿಧೇಯವಾಗಿ ನಿಲ್ಲುತ್ತದೆ. ಕುಂಚದ ಗೀಟಿಗೆ ದಿಕ್ಕುಂಟು, ಅವಸರವುಂಟು, ದಪ್ಪವುಂಟು. ಬಟ್ಟೆಯ ಮೇಲೆ ಉಬ್ಬಿ ನಿಂತ ಬಣ್ಣ ಕೋಣೆಯ ಬೆಳಕನ್ನು ಹಿಡಿದು ನೆರಳು ಬೀಳಿಸುತ್ತದೆ. ಅಚ್ಚಿನಲ್ಲಿ ಅದು ಚಪ್ಪಟೆ.

ಗಾತ್ರದ ವಿಷಯವೂ ಹಾಗೆಯೇ. ಸೂರ್ಯೋದಯದ ಚಿತ್ರ 48 ಸೆಂಟಿಮೀಟರ್ ಎತ್ತರ, 63 ಅಗಲ, ಅಷ್ಟೇ. ಅದನ್ನು ಅಂಗೈಯಷ್ಟು ಕುಗ್ಗಿಸುವವರೂ ಉಂಟು, ಹೋಟೆಲಿನ ಗೋಡೆಯಷ್ಟು ಹಿಗ್ಗಿಸುವವರೂ ಉಂಟು. ಪ್ಯಾರಿಸ್ಸಿನ ಒರಾಂಜೆರಿಯಲ್ಲಿ 1927ರಿಂದ ಇರುವ ಅವನ ನೈದಿಲೆಗಳಾದರೋ ಎರಡು ಮೀಟರ್ ಎತ್ತರವಾಗಿ ಎರಡು ಅಂಡಾಕಾರದ ಕೋಣೆಗಳನ್ನು ಸುತ್ತುವರಿದಿವೆ. ಅಂಚೆಕಾರ್ಡಿನಲ್ಲಿ ಅವು ಬರಿಯ ಕೊಳದ ಗುರುತು. ಇನ್ನು ಅವನ ಬಣವೆಗಳು. ಹುಲ್ಲಿನ ಬಣವೆ ಎನ್ನುವುದು ವಾಡಿಕೆ; ನಿಜಕ್ಕೆ ಅವು ಒಕ್ಕಣೆಗೆ ಕಾದಿದ್ದ ಗೋಧಿಯ ಮೆದೆಗಳು. 1891ರಲ್ಲಿ ದ್ಯುರಾನ್-ರುಯೆಲನ ಗ್ಯಾಲರಿಯಲ್ಲಿ ಅಂಥ 15 ಚಿತ್ರಗಳನ್ನು ಒಟ್ಟಿಗೆ ತೂಗುಹಾಕಿದ್ದರು: ಹಿಮದಲ್ಲೊಂದು, ಸಂಜೆಯಲ್ಲೊಂದು. ಅದರಲ್ಲಿ ಒಂದನ್ನೇ ಕೊಂಡು ತಂದವನಿಗೆ ಮೆದೆ ಸಿಗುತ್ತದೆ, ಹೊತ್ತು ಸರಿಯುವುದು ಸಿಗುವುದಿಲ್ಲ.

ಇಷ್ಟೆಲ್ಲ ದೂರಿದರೂ ಋಣ ದೊಡ್ಡದು. 1894ರಲ್ಲಿ ರವಿವರ್ಮ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆಯದಿದ್ದರೆ ಅವನ ಲಕ್ಷ್ಮಿ ನಮ್ಮ ಅಜ್ಜಿಯರ ನಡುಮನೆಗೆ ಬರುತ್ತಿದ್ದಳೆ? 1985ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನ ಮಾರ್ಮೊತಾನ್ ಸಂಗ್ರಹಾಲಯದಿಂದ ಸೂರ್ಯೋದಯವನ್ನೇ ದರೋಡೆ ಮಾಡಿದರು. ಅದು ಕಾರ್ಸಿಕಾ ದ್ವೀಪದಲ್ಲಿ ಸಿಕ್ಕಿದ್ದು 1990ರಲ್ಲಿ. ಆ ಐದು ವರ್ಷ ಪ್ಯಾರಿಸ್ಸಿನ ರಸಿಕನೂ ನಾನೂ ಸಮಾನರು. ಇಬ್ಬರಿಗೂ ಉಳಿದಿದ್ದು ಅಚ್ಚಿನ ಪ್ರತಿಯೇ!

ಅಚ್ಚಿಗೂ ಆಯುಷ್ಯವಿದೆ ಎಂಬುದನ್ನು ಕಲಿತದ್ದು ನನ್ನ ಮನೆಯಲ್ಲೇ. ಕಟ್ಟು ಹಾಕಿಸಿ ತಂದ ಸೂರ್ಯೋದಯವನ್ನು ಕಿಟಕಿಯ ಎದುರು ತೂಗಿಬಿಟ್ಟೆ. ಸಾಮಾನ್ಯ ಶಾಯಿಗಳಲ್ಲಿ ಹಳದಿಯೂ ಮಜೆಂಟವೂ ಬಿಸಿಲಿಗೆ ಬೇಗ ಸೋಲುತ್ತವೆ. ನೀಲಿ, ಕಪ್ಪು ತಡೆಯುತ್ತವೆ. ಕಿತ್ತಳೆ ಎಂದರೆ ಹಳದಿ ಮತ್ತು ಮಜೆಂಟಗಳ ಕೂಟವಷ್ಟೆ. ಕೆಲವೇ ವರ್ಷಗಳಲ್ಲಿ ಬಂದರು ಉಳಿಯಿತು, ದೋಣಿಗಳು ಉಳಿದವು. ಸೂರ್ಯ ಎರಡನೆಯ ಬಾರಿ ಮಾಯವಾದ. ಈಗ ವರ್ಣದ್ರವ್ಯದ ಶಾಯಿಯಿಂದ ಹತ್ತಿಯ ಕಾಗದದ ಮೇಲೆ ತೆಗೆಯುವ, ಬೇಗ ಮಾಸದ ಪ್ರತಿಗಳು ಬಂದಿವೆ. ಮಗಳು ಅಂಥದೊಂದನ್ನು ತರಿಸಿಕೊಟ್ಟಿದ್ದಾಳೆ. ಅದನ್ನು ಬಿಸಿಲು ಬೀಳದ ಒಳಗೋಡೆಗೆ ಹಾಕಿದ್ದೇನೆ; ನೋಡಬೇಕೆನಿಸಿದಾಗ ದೀಪ ಹಾಕಿಕೊಳ್ಳುತ್ತೇನೆ.